ಪ್ಲೇಆಫ್ ತಂಡದ ಬಲಾಬಲ ಅಳೆಯಲು ಎನ್‌ಬಿಎ ಸ್ಟ್ಯಾಟ್ಸ್ ಪುಟ: ನಮ್ಮ ಕಾಲೇಜು ಕೋಚ್‌ಗಳಿಗೆ ಎಷ್ಟು ಉಪಯೋಗ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ನಡೆಯುವ ಜೂನ್‌ನಲ್ಲಿ ಮಂಗಳೂರು, ಉಡುಪಿಯ ಬಯಲು ಕೋರ್ಟ್‌ಗಳೆಲ್ಲ ಮಳೆಗೆ ಜಾರುತ್ತಿರುತ್ತವೆ. ಅಭ್ಯಾಸ ನಿಂತ ಆ ವಾರಗಳಲ್ಲಿ ಹುಡುಗರಿಗೆ ಆಟ ಓದುವುದನ್ನು ಕಲಿಸಲು ಎನ್‌ಬಿಎ ಡಾಟ್ ಕಾಮ್‌ನ ಸ್ಟ್ಯಾಟ್ಸ್ ವಿಭಾಗ ತುಂಬ ಒಳ್ಳೆಯ ಸಾಧನ, ಅದೂ ಪುಕ್ಕಟೆಯಾಗಿ. ಫೈನಲ್ಸ್ ಪಂದ್ಯ ನಮ್ಮಲ್ಲಿ ಬೆಳಿಗ್ಗೆ ಆರರ ಸುಮಾರಿಗೆ ಶುರು. ಕಾಲೇಜಿನ ಮೊದಲ ಬೆಲ್ ಹೊತ್ತಿಗೆ ಬಾಕ್ಸ್ ಸ್ಕೋರ್ (ಪ್ರತಿ ಆಟಗಾರನ ಅಂಕಿಗಳ ಪಟ್ಟಿ) ಕೈಯಲ್ಲಿರುತ್ತದೆ.

ಇದರ ನಿಜವಾದ ಬೆಲೆ ಇರುವುದು ಅಂಕಿಯ ಹಿಂದಿನ ವಿಡಿಯೊದಲ್ಲಿ. ಬಾಕ್ಸ್ ಸ್ಕೋರ್‌ನಲ್ಲಿ ಆಟಗಾರನ ಟರ್ನ್‌ಓವರ್ (ಎದುರಾಳಿಗೆ ಚೆಂಡು ಕಳೆದುಕೊಂಡದ್ದು) ಸಂಖ್ಯೆಯನ್ನು ಒತ್ತಿದರೆ ಆ ತಪ್ಪುಗಳೆಲ್ಲ ಒಂದರ ಹಿಂದೊಂದು ತುಣುಕುಗಳಾಗಿ ಬರುತ್ತವೆ. 2025ರ ಫೈನಲ್ಸ್ ಸರಣಿಯ ಮೊದಲ ಪಂದ್ಯ ತೆಗೆದುಕೊಳ್ಳಿ. ಇಂಡಿಯಾನಾ ಪೇಸರ್ಸ್ 25 ಸಲ ಚೆಂಡು ಕಳೆದುಕೊಂಡೂ ಒಕ್ಲಹೋಮಾ ಸಿಟಿ ಥಂಡರ್ ವಿರುದ್ಧ 111-110ರಿಂದ ಗೆದ್ದಿತು. ಟೈರೀಸ್ ಹ್ಯಾಲಿಬರ್ಟನ್ ಬುಟ್ಟಿಗೆ ಹಾಕಿದಾಗ ಉಳಿದದ್ದು 0.3 ಸೆಕೆಂಡ್. ಹೈಲೈಟ್ಸ್ ನೋಡಿದವರಿಗೆ ಆ ಒಂದು ಶಾಟ್ ಮಾತ್ರ ನೆನಪು. ಆದರೆ ಇತರ ಅಂಕಿಗಳ ಟ್ಯಾಬ್‌ನಲ್ಲಿ ‘ಟರ್ನ್‌ಓವರ್‌ನಿಂದ ಬಂದ ಪಾಯಿಂಟ್’ ನೋಡಿ: ಆ 25ರಿಂದ ಥಂಡರ್ ಗಳಿಸಿದ್ದು ಬರೀ 11. ಚೆಂಡು ಕಸಿದು ಓಡುವುದೇ ಬಲವಾಗಿರುವ ತಂಡಕ್ಕೆ ಇದು ತೀರಾ ಕಡಿಮೆ.

ಯಾಕೆ ಹೀಗಾಯಿತು ಎಂದು ತಿಳಿಯಲು ಪ್ರತಿ ತುಣುಕಿಗೂ ಎರಡು ವಿಷಯ ಬರೆದುಕೊಳ್ಳಿ: ಚೆಂಡು ಹೋದದ್ದು ಹೇಗೆ (ಪಾಸ್, ಡ್ರಿಬ್ಲ್, ಫೌಲ್, ಗೆರೆ ದಾಟಿದ್ದು), ಆಟ ನಿಂತಿತೋ ಮುಂದುವರಿಯಿತೋ. ಗೆರೆ ದಾಟಿ ಕಳೆದರೆ ಡಿಫೆನ್ಸ್‌ಗೆ ಸಾಲು ಕಟ್ಟಲು ಸಮಯ ಸಿಗುತ್ತದೆ. ಪಾಸ್ ಕಸಿದರೆ ಲೇಅಪ್ (ಬುಟ್ಟಿಯ ಹತ್ತಿರದ ಸುಲಭದ ಶಾಟ್) ಬಿಟ್ಟುಕೊಟ್ಟ ಹಾಗೆಯೇ. ತುಣುಕು ಚಿಕ್ಕದು, ಮುಂದೇನಾಯಿತು ಅನೇಕ ಸಲ ಕಾಣುವುದಿಲ್ಲ. ಆಗ ಪ್ಲೇ-ಬೈ-ಪ್ಲೇಯಲ್ಲಿ (ಆಟದ ಪ್ರತಿ ಘಟನೆಯ ಪಟ್ಟಿ) ಅದೇ ಸಮಯದ ಮುಂದಿನ ಸಾಲು ಓದಬೇಕು. ಇದು ಸ್ವಲ್ಪ ತಲೆನೋವು.

‘ಫೋರ್ ಫ್ಯಾಕ್ಟರ್ಸ್’ ಟ್ಯಾಬ್ ಶೂಟಿಂಗ್, ಟರ್ನ್‌ಓವರ್, ಆಫೆನ್ಸಿವ್ ರೀಬೌಂಡ್ (ತಮ್ಮದೇ ತಪ್ಪಿದ ಶಾಟ್ ಮತ್ತೆ ಹಿಡಿಯುವುದು), ಫ್ರೀ ಥ್ರೋ (ಫೌಲ್‌ಗೆ ಸಿಗುವ ಶಾಟ್) ನಾಲ್ಕನ್ನೂ ಎದುರುಬದುರು ಇಡುತ್ತದೆ. ಅದೇ ಫೈನಲ್ಸ್‌ನ ನಾಲ್ಕನೆಯ ಪಂದ್ಯದಲ್ಲಿ ಥಂಡರ್ ಹಾಕಿದ್ದು ಮೂರೇ ಮೂರು ತ್ರೀ ಪಾಯಿಂಟರ್. ಆದರೂ 111-104ರ ಗೆಲುವು. ಎಲ್ಲಿಂದ ಸರಿದೂಗಿಸಿತು ಎನ್ನುವುದಕ್ಕೆ ಫ್ರೀ ಥ್ರೋ ಕಾಲಂ ನೋಡಿದರೆ ಸಾಕು. ಒಂದೆರಡು ಪಂದ್ಯದ ತ್ರೀ ಪಾಯಿಂಟ್ ಶೇಕಡಾ ಹಿಡಿದು ತಂಡ ದುರ್ಬಲ ಎನ್ನಬೇಡಿ, ಅದು ದಿನದಿಂದ ದಿನಕ್ಕೆ ಬಹಳ ಏರಿಳಿಯುತ್ತದೆ.

ಎಡವುವ ಜಾಗಗಳೂ ಇವೆ. ‘ಸೀಸನ್ ಟೈಪ್’ ಅನ್ನು ಪ್ಲೇಆಫ್ಸ್‌ಗೆ (ಲೀಗ್ ನಂತರದ ನಾಕೌಟ್ ಹಂತ) ಬದಲಿಸದಿದ್ದರೆ ಲೀಗ್ ಹಂತದ ಅಂಕಿಗಳೇ ಕಾಣುತ್ತವೆ. ಅಲ್ಲಿ 68 ಗೆದ್ದು 14 ಸೋತ ಥಂಡರ್‌ಗೂ ಫೈನಲ್ಸ್ ಗೆಲ್ಲಲು ಸರಣಿಯ ಏಳೂ ಪಂದ್ಯ ಬೇಕಾಯಿತು. ಪ್ಲೇಆಫ್‌ನಲ್ಲಿ ಒಂದೇ ಎದುರಾಳಿ ಮತ್ತೆ ಮತ್ತೆ ಸಿಕ್ಕಾಗ ನಿಮ್ಮ ದುರ್ಬಲ ಡಿಫೆಂಡರ್‌ನನ್ನೇ ಹುಡುಕಿ ಹೊಡೆಯುತ್ತಾನೆ. ಐವರ ಲೈನ್‌ಅಪ್ (ಒಟ್ಟಿಗೆ ಕೋರ್ಟ್‌ನಲ್ಲಿ ಆಡಿದ ಐವರು) ಪಟ್ಟಿಯನ್ನು ಮೊದಲು ನಿಮಿಷದ ಪ್ರಕಾರ ಜೋಡಿಸಿ. ಏಳೆಂಟು ನಿಮಿಷ ಆಡಿದವರ ಅಂಕಿಗೆ ಬೆಲೆ ಕೊಡಬೇಡಿ. ಮೊಬೈಲ್‌ನಲ್ಲಿ ಉದ್ದುದ್ದ ಕಾಲಂಗಳನ್ನು ಪಕ್ಕಕ್ಕೆ ಎಳೆದೆಳೆದು ಸಾಕಾಗುತ್ತದೆ, ಲ್ಯಾಪ್‌ಟಾಪ್ ಒಳ್ಳೆಯದು.

ಇದನ್ನು ಇಂಟರ್ ಕಾಲೇಜು ಪಂದ್ಯಕ್ಕೆ ತರುವಾಗ ಒಟ್ಟು ಅಂಕಿ ಹೋಲಿಸಬೇಡಿ: ಅಲ್ಲಿ 48 ನಿಮಿಷ, ನಮ್ಮಲ್ಲಿ 40. ಬಿದ್ದದ್ದು, ತಪ್ಪಿದ್ದು ಸೇರಿ ಹೊಡೆದ ಎಲ್ಲ ಶಾಟ್, ಟರ್ನ್‌ಓವರ್, ಹೊಡೆದ ಫ್ರೀ ಥ್ರೋದ 0.44 ಪಟ್ಟು, ಇವನ್ನು ಕೂಡಿಸಿ ಆಫೆನ್ಸಿವ್ ರೀಬೌಂಡ್ ಕಳೆದರೆ ಪೊಸೆಷನ್ (ಚೆಂಡು ತಂಡದ ಕೈಗೆ ಬಂದ ಸರದಿಗಳು) ಸಿಗುತ್ತದೆ. ನೂರು ಪೊಸೆಷನ್‌ಗೆ ಎಷ್ಟು ಪಾಯಿಂಟ್, ಎಷ್ಟು ಟರ್ನ್‌ಓವರ್ ಎಂದು ಲೆಕ್ಕ ಹಾಕಿ. ನಮ್ಮಲ್ಲಿ ಬಳಸುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಸ್ಕೋರ್‌ಶೀಟ್‌ನಲ್ಲಿ ತಪ್ಪಿದ ಶಾಟ್ ಆಗಲಿ ಟರ್ನ್‌ಓವರ್ ಆಗಲಿ ದಾಖಲಾಗುವುದಿಲ್ಲ. ಹಾಗಾಗಿ ಬೆಂಚಿನಲ್ಲಿ ಒಬ್ಬ ಹುಡುಗನ ಕೈಗೆ ಪುಸ್ತಕ, ಪೆನ್ನು ಕೊಟ್ಟು ಕೂರಿಸಲೇಬೇಕು.