ಒರ್ಲಾಂಡೋ ಟೈಮ್‌ಶೇರ್: ಡೆವಲಪರ್ ಹತ್ತಿರ 24,000 ಡಾಲರ್, ಅಷ್ಟೇ ಪಾಯಿಂಟ್ ರೀಸೇಲ್‌ನಲ್ಲಿ 900

ಟೈಮ್‌ಶೇರ್ ಅಂದರೆ ಪ್ರತಿ ವರ್ಷ ರೆಸಾರ್ಟ್‌ನಲ್ಲಿ ಇಂತಿಷ್ಟು ದಿನ ಉಳಿಯೋ ಹಕ್ಕು, ಅದನ್ನು ಪಾಯಿಂಟ್‌ಗಳಲ್ಲಿ ಎಣಿಸ್ತಾರೆ. ಮೊದಲು ಮಾರುವ ಕಂಪನಿ ಡೆವಲಪರ್, ಹಳೆಯ ಮಾಲೀಕರಿಂದ ಕೊಂಡರೆ ಅದು ರೀಸೇಲ್. ಫ್ಲೋರಿಡಾದಲ್ಲಿ ಟೈಮ್‌ಶೇರ್‌ಗೆ ಸಹಿ ಹಾಕಿ ಇನ್ನೂ 10 ದಿನ ಆಗಿಲ್ಲ ಅನ್ನೋರು ಮಿಕ್ಕಿದ್ದನ್ನು ಆಮೇಲೆ ಓದಿ. ಮೊದಲು ರದ್ದತಿ ಪತ್ರ ಬರೆಯಿರಿ. ಇವತ್ತೇ ಬರೆಯಿರಿ. ಎರಡು ಸಾಲು ಸಾಕು: ಇಂಥ ದಿನ ಸಹಿ ಮಾಡಿದ ಇಂಥ ನಂಬರಿನ ಒಪ್ಪಂದ ರದ್ದು ಮಾಡುತ್ತಿದ್ದೇವೆ, ಕಟ್ಟಿದ ಹಣ ವಾಪಸ್ ಕೊಡಿ. ಕಾರಣ ಹೇಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಿ. ಒಪ್ಪಂದದಲ್ಲಿ ರದ್ದತಿಗೆಂದು ಕೊಟ್ಟಿರುವ ವಿಳಾಸಕ್ಕೇ, ಪೋಸ್ಟ್ ಆಫೀಸಿನಿಂದ ಸರ್ಟಿಫೈಡ್ ಮೇಲ್‌ನಲ್ಲಿ, ರಿಟರ್ನ್ ರಸೀತಿ ಸಮೇತ ಕಳಿಸಿ. ರಸೀತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪತ್ರ ಅವರ ಕೈ ಸೇರಿದ ದಿನ ಇಲ್ಲಿ ಲೆಕ್ಕಕ್ಕಿಲ್ಲ, ನೀವು ಕಳಿಸಿದ ದಿನವೇ ಲೆಕ್ಕ. ಸಹಿ ಹಾಕಿದ ದಿನ, ಕೊಡಬೇಕಾದ ದಾಖಲೆಗಳಲ್ಲಿ ಕೊನೆಯದು ನಿಮಗೆ ಸಿಕ್ಕ ದಿನ, ಈ ಎರಡರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ 10 ದಿನ. ಶನಿವಾರ ಭಾನುವಾರವೂ ಸೇರಿ.

ಮಾರಿದವನಿಗೆ ಮಾತ್ರ ಫೋನ್ ಮಾಡಬೇಡಿ. "ಸ್ವಲ್ಪ ತಡೀರಿ ಸರ್, ಮುಂದಿನ ವಾರ ಮ್ಯಾನೇಜರ್ ನಿಮಗೆ ಕಾಲ್ ಮಾಡ್ತಾರೆ, ಇನ್ನೂ ಒಳ್ಳೆ ಪ್ಯಾಕೇಜ್ ಕೊಡಿಸ್ತಾರೆ" ಅಂತಾನೆ. ಆ ಮ್ಯಾನೇಜರ್ ಕಾಲ್ ಬರುವಷ್ಟರಲ್ಲಿ 10 ದಿನ ಮುಗಿದಿರುತ್ತೆ. ನಮ್ಮ ಮನೆಯವರ ವಿಷಯದಲ್ಲಿ ಆದದ್ದು ಅದೇ. ಬೇಕೆಂದೇ ಹಾಗೆ ಮಾಡಿದರು ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಬಲೆ ಹೇಗೆ ಹಾಕ್ತಾರೆ ಅನ್ನೋದು ಅಮೆರಿಕದಲ್ಲಿರುವ ಬಹಳ ಜನರಿಗೆ ಗೊತ್ತು. ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಎಲ್ಲರನ್ನೂ ಕರ್ಕೊಂಡು ಒರ್ಲಾಂಡೋಗೆ ಹೋಗೋಣ ಅಂತ ಪ್ಲಾನ್ ಆಗುತ್ತೆ, ಅಗ್ಗದಲ್ಲಿ ಮೂರು ರಾತ್ರಿ ರೂಮು, ಮೇಲೆ ಪಾರ್ಕ್ ಟಿಕೆಟ್ಟು. ಷರತ್ತು ಒಂದೇ, 90 ನಿಮಿಷ ಪ್ರೆಸೆಂಟೇಶನ್‌ಗೆ ಗಂಡ ಹೆಂಡತಿ ಇಬ್ಬರೂ ಕೂರಬೇಕು. ತಿಂಡಿ ಕೊಡ್ತಾರೆ, ಮಾಡೆಲ್ ಫ್ಲಾಟ್ ತೋರಿಸ್ತಾರೆ. ಬೇಡ ಅಂದರೆ ಇನ್ನೊಬ್ಬ ಬಂದು ಕೂರ್ತಾನೆ, ಅವನಿಗೂ ಬೇಡ ಅಂದರೆ ಮೂರನೆಯವನು. 90 ನಿಮಿಷ ಅರ್ಧ ದಿನ ಆಗುತ್ತೆ, ಹೊರಗೆ ಮಕ್ಕಳು ಹಸಿದಿರ್ತಾರೆ.

ನಾನು ಹೇಳಬೇಕಾಗಿರೋದು ಆ ಮೇಜಿನ ಮೇಲೆ ಬರೆದ ಒಂದು ಹಾಳೆಯ ಬಗ್ಗೆ. ದಪ್ಪ ಮಾರ್ಕರ್‌ನಲ್ಲಿ ಬರೆದದ್ದು. ಹೋಟೆಲ್ ರಾತ್ರಿಗೆ 200 ಡಾಲರ್, ವರ್ಷಕ್ಕೆ ಏಳು ರಾತ್ರಿ, 1,400. ವರ್ಷಕ್ಕೆ ನೂರಕ್ಕೆ 8ರಂತೆ ಏರಿಕೆ. 20 ವರ್ಷಕ್ಕೆ 64,000 ಡಾಲರ್, ಅದರ ಸುತ್ತ ಎರಡು ಸಲ ವೃತ್ತ. "ಇಷ್ಟು ದುಡ್ಡು ಬೇರೆಯವರಿಗೆ ಬಾಡಿಗೆ ಕಟ್ತೀರಾ ಸರ್, ನಿಮ್ಮದೇ ಆಸ್ತಿ ಇರೋದು ಬೇಡ್ವಾ?" ಪಕ್ಕದಲ್ಲಿ ಅವರದ್ದು: 24,000 ಡಾಲರ್, ಮೇಂಟೆನೆನ್ಸ್ ವರ್ಷಕ್ಕೆ 1,150, 20 ವರ್ಷಕ್ಕೆ 23,000. ಒಟ್ಟು 47,000. ನೋಡೋಕೆ ಲಾಭವೇ.

ಮೋಸ ಇರೋದು ಇಲ್ಲೇ. ಹೋಟೆಲ್ ಬಾಡಿಗೆಗೆ 8ರಂತೆ ಏರಿಕೆ ಹಾಕಿದವನು ಮೇಂಟೆನೆನ್ಸ್‌ಗೆ ಸೊನ್ನೆ ಏರಿಕೆ ಹಾಕಿದ. ಮೇಂಟೆನೆನ್ಸ್ ಪ್ರತಿ ವರ್ಷ ಏರುತ್ತೆ. ಒಪ್ಪಂದದಲ್ಲೇ ಬರೆದಿದೆ, ಮೇಲ್ಮಿತಿ ಇಲ್ಲ. ಚಾವಣಿ ರಿಪೇರಿ, ಚಂಡಮಾರುತದ ವಿಮೆ, ವಿಶೇಷ ವಂತಿಗೆ ಎಲ್ಲ ಅದರ ಮೇಲೆ. ಹೋಟೆಲ್‌ಗೆ ಹಾಕಿದ ಅದೇ 8ನ್ನು ಮೇಂಟೆನೆನ್ಸ್‌ಗೂ ಹಾಕಿ ನೋಡಿ: 20 ವರ್ಷಕ್ಕೆ 52,600 ಡಾಲರ್. ಮೇಂಟೆನೆನ್ಸ್ ಒಂದೇ!

ಇನ್ನು ಸಾಲ. 24,000ಕ್ಕೆ 2,400 ಕೈಯಿಂದ, ಮಿಕ್ಕ 21,600 ಅವರದ್ದೇ ಸಾಲ, ಬಡ್ಡಿ ನೂರಕ್ಕೆ 16, 120 ಕಂತು. ತಿಂಗಳಿಗೆ 362 ಡಾಲರ್. ಕೊನೆಗೆ ಕಂತುಗಳೇ 43,400 ಆಗುತ್ತೆ. ಎಲ್ಲ ಕೂಡಿಸಿದರೆ 20 ವರ್ಷಕ್ಕೆ 98,000 ದಾಟುತ್ತೆ, ಹೋಟೆಲ್‌ನ 64,000ದ ಎದುರಿಗೆ. ಆ ಹಾಳೆಯಲ್ಲಿ ಬಡ್ಡಿಯ ಸಾಲೇ ಇರಲಿಲ್ಲ. ಸಹಿ ಆದಮೇಲೆ ಹಾಳೆಯನ್ನು ಮಡಚಿ ತನ್ನ ಫೈಲಿನೊಳಗೆ ಇಟ್ಟುಕೊಂಡ. ಕೇಳಿದರೆ "ಇದು ನಮ್ಮ ಆಫೀಸ್ ಕಾಪಿ ಸರ್, ನಿಮ್ಮದೆಲ್ಲ ಫೋಲ್ಡರ್‌ನಲ್ಲಿದೆ." ಫೋಲ್ಡರ್‌ನಲ್ಲಿ ಅದು ಇರಲಿಲ್ಲ. ಕೈಯಲ್ಲಿ ಬರೆದ ಯಾವ ಹಾಳೆಯನ್ನೂ ಅವರು ಮನೆಗೆ ಕೊಟ್ಟು ಕಳಿಸಲ್ಲ, ಯಾಕಂದ್ರೆ ನಾಳೆ ಅದೇ ಸಾಕ್ಷಿ.

ಅದೇ ರೆಸಾರ್ಟ್, ಅಷ್ಟೇ ಪಾಯಿಂಟ್, ಅದೇ ಮೇಂಟೆನೆನ್ಸ್, ಡೀಡ್ (ಮಾಲೀಕತ್ವದ ಪತ್ರ) ಸಮೇತ, ರೀಸೇಲ್‌ನಲ್ಲಿ 900 ಡಾಲರ್‌ಗೆ ಮಾರಾಟ ಆಗಿರೋದು ಕಣ್ಣಿಗೆ ಬಿತ್ತು. ಇಪ್ಪತ್ನಾಲ್ಕು ಸಾವಿರ ಎಲ್ಲಿ, ಒಂಬೈನೂರು ಎಲ್ಲಿ! ಮನೆಯಲ್ಲಿ ಇದನ್ನು ಹೇಳೋಕೇ ಮುಜುಗರ, ನೆಂಟರ ಮುಂದೆ ಇನ್ನೂ ಮುಜುಗರ. ರದ್ದತಿಯ ಅವಧಿ ಆಗ ಮುಗಿದಿತ್ತು.

ಮಾರಿದ ಕಂಪನಿಗೆ ಬರೆದು ಕೇಳಿದ್ದಕ್ಕೆ ಬಂದ ಉತ್ತರ: "ರೀಸೇಲ್‌ನಲ್ಲಿ ಕೊಂಡವರಿಗೆ ನಮ್ಮ ಸದಸ್ಯತ್ವದ ಸೌಲಭ್ಯ ಸಿಗುವುದಿಲ್ಲ." ಯಾವ ಸೌಲಭ್ಯ ಅಂತ ಕೇಳಿದರೆ ಬಾಡಿಗೆ ಕಾರಿನ ರಿಯಾಯಿತಿ, ಪಾಯಿಂಟ್ ಕೊಟ್ಟು ಕ್ರೂಸ್, ಮೇಲಿನ ದರ್ಜೆಯ ಕಾರ್ಡ್. ಇದಕ್ಕೆ 23,000 ಡಾಲರ್!

ಆಸ್ತಿ, ಬೆಲೆ ಏರುತ್ತೆ ಅಂದಿದ್ದರಲ್ಲ, ಹಾಗಾದರೆ ನೀವೇ ವಾಪಸ್ ತಗೊಳ್ಳಿ ಅಂದದ್ದಕ್ಕೆ: "ನಮ್ಮಲ್ಲಿ ವಾಪಸ್ ಖರೀದಿಯ ವ್ಯವಸ್ಥೆ ಇಲ್ಲ. ಬೆಲೆ ಏರುತ್ತದೆಂದು ನಮ್ಮ ಪ್ರತಿನಿಧಿ ಹೇಳಿರಲು ಸಾಧ್ಯವಿಲ್ಲ." ಹೇಳಿದ್ದಾರೆ ಅಂದದ್ದಕ್ಕೆ ಒಂದು ಪುಟದ ಸ್ಕ್ಯಾನ್ ಕಳಿಸಿದರು. ಆ ಪುಟದಲ್ಲಿ ಒಂದರ ಕೆಳಗೊಂದು ಚಿಕ್ಕ ಚೌಕಗಳು. ನಾನು ಇದನ್ನು ಹೂಡಿಕೆಯೆಂದು ಕೊಳ್ಳುತ್ತಿಲ್ಲ. ಬಾಡಿಗೆ ಆದಾಯದ ಭರವಸೆ ನನಗೆ ಕೊಟ್ಟಿಲ್ಲ. ಬಾಯಿಮಾತಿನ ಯಾವ ಭರವಸೆಯನ್ನೂ ನಾನು ನಂಬಿಲ್ಲ. ಪ್ರತಿ ಚೌಕದಲ್ಲೂ ಇನಿಶಿಯಲ್. ಸಹಿ ಹಾಕಿಸುವಾಗ ಟ್ಯಾಬ್ಲೆಟ್ ಅವರ ಕೈಯಲ್ಲೇ ಇರುತ್ತೆ, ಬೆರಳಿಟ್ಟು ತೋರಿಸ್ತಾರೆ, "ಇಲ್ಲಿ, ಇಲ್ಲಿ, ಇಲ್ಲೊಂದು." ಓದೋಕೆ ಅವಕಾಶ ಕೊಡದ ಆ ಪುಟವೇ ಅವರ ಗುರಾಣಿ. ನಾಲ್ಕು ಗಂಟೆ ಅವರು ಆಡಿದ ಅಷ್ಟೂ ಮಾತನ್ನು ಆ ಒಂದು ಪುಟ ಅಳಿಸಿಹಾಕುತ್ತೆ. ಮುಂದಿನ ಎಲ್ಲ ಪತ್ರಕ್ಕೂ ಅದೇ ಉತ್ತರ: "ದಯವಿಟ್ಟು ನೀವು ಸಹಿ ಮಾಡಿದ ದಾಖಲೆ ನೋಡಿ."

"ನಿಮ್ಮ ಮಕ್ಕಳಿಗೂ ಉಳಿಯುತ್ತೆ" ಅಂತ ಅಮ್ಮನ ಕಡೆ ತಿರುಗಿ ಹೇಳಿದ್ದು ಇನ್ನೂ ಉರಿಸುತ್ತೆ. ಅದು ಶಾಶ್ವತ ಡೀಡ್. ಉಳಿಯೋದು ಫ್ಲಾಟಿನ ಜೊತೆ ಮೇಂಟೆನೆನ್ಸ್ ಬಿಲ್ಲೂ. ಮಕ್ಕಳು ಅದನ್ನು ಒಪ್ಪಲೇಬೇಕು ಅಂತಿಲ್ಲ, ಪಿತ್ರಾರ್ಜಿತ ಬೇಡ ಅಂತ ಲಿಖಿತವಾಗಿ, ಕಾಲಮಿತಿಯೊಳಗೆ ಬಿಟ್ಟುಕೊಡಬಹುದು. ಅದಕ್ಕೂ ಮೊದಲು ಒಂದು ವಾರ ಹೋಗಿ ಉಳಿದುಕೊಂಡರೆ ಒಪ್ಪಿಕೊಂಡ ಹಾಗೆ ಆಗಬಹುದು.

ರೀಸೇಲ್‌ನಲ್ಲಿ ಕೊಳ್ಳುವವರು ಗಮನಿಸಬೇಕಾದ್ದೂ ಇದೆ, ಅಲ್ಲೂ ಗುಂಡಿಗಳಿವೆ. ಕೇಳುವ ಬೆಲೆ ನೋಡಬೇಡಿ, ಇಬೇಯಲ್ಲಿ ನಿಜವಾಗಿ ಮಾರಾಟ ಆದ ಬೆಲೆ ನೋಡಿ. ಎಷ್ಟೋ ಒಂದೇ ಡಾಲರ್‌ಗೆ ಹೋಗಿವೆ. ಮಾರುವವರಿಂದ ಎಸ್ಟಾಪೆಲ್ ಪತ್ರ ಕೇಳಿ. ಅದು ರೆಸಾರ್ಟ್ ಕೊಡುವ ಪತ್ರ: ಮಾಲೀಕರು ಯಾರು, ಎಷ್ಟು ಪಾಯಿಂಟ್, ಈ ವರ್ಷದ್ದು ಬಳಸಿ ಮುಗಿಸಿದ್ದಾರಾ, ಮುಂದಿನ ವರ್ಷದ್ದನ್ನೂ ಎರವಲು ತೆಗೆದಿದ್ದಾರಾ, ಮೇಂಟೆನೆನ್ಸ್ ಬಾಕಿ ಎಷ್ಟು, ಸಾಲ ತೀರಿದೆಯಾ. ಇದಿಲ್ಲದೆ ಒಂದು ಡಾಲರೂ ಕೊಡಬೇಡಿ. ಡೀಡ್ ದಾಖಲಾಗಿದೆಯಾ ಅಂತ ಕೌಂಟಿಯ (ಅಲ್ಲಿನ ಜಿಲ್ಲೆಯ) ದಾಖಲೆಯಲ್ಲಿ ನೀವೇ ಹುಡುಕಬಹುದು, ಒರ್ಲಾಂಡೋ ಇರುವ ಆರೆಂಜ್ ಕೌಂಟಿಯದ್ದು ಆನ್‌ಲೈನ್‌ನಲ್ಲೇ ಇದೆ. ರೆಸಾರ್ಟ್ ಕಿಸಿಮ್ಮಿ ಕಡೆ ಇದ್ದರೆ ಆಸಿಯೋಲಾ ಕೌಂಟಿಯಲ್ಲಿ ನೋಡಿ. ದುಡ್ಡು ಟೈಟಲ್ ಕಂಪನಿಯ ಎಸ್ಕ್ರೋ ಖಾತೆಗೆ (ವರ್ಗಾವಣೆ ಮುಗಿಯುವವರೆಗೆ ದುಡ್ಡು ಹಿಡಿದಿಡುವ ಮಧ್ಯಸ್ಥರ ಖಾತೆಗೆ) ಮಾತ್ರ, ಮಾರುವವರ ಖಾತೆಗೆ ನೇರವಾಗಿ ಬೇಡ. ಕ್ಲೋಸಿಂಗ್ ಖರ್ಚು (ಕಾಗದಪತ್ರದ ಖರ್ಚು), ರೆಸಾರ್ಟ್‌ನ ವರ್ಗಾವಣೆ ಶುಲ್ಕ ಯಾರು ಕೊಡೋದು ಅಂತ ಮೊದಲೇ ಬರೆಸಿಕೊಳ್ಳಿ. 900ರ ಮೇಲೆ ಇನ್ನೊಂದು 600 ಹೀಗೇ ಹೋಗಬಹುದು. ಕೆಲವು ಕಡೆ ಡೆವಲಪರ್‌ಗೆ ಮೊದಲು ಕೊಳ್ಳುವ ಹಕ್ಕು ಇರುತ್ತೆ, ಅವರು ಬೇಡ ಅನ್ನುವವರೆಗೆ ಸುಮಾರು ಒಂದು ತಿಂಗಳು ಕಾಯಬೇಕು. ಎಲ್ಲ ಮುಗಿಯೋಕೆ ಎರಡು ತಿಂಗಳು ಅಂದುಕೊಳ್ಳಿ. ರಜೆಗೆ ಟಿಕೆಟ್ ಬುಕ್ ಮಾಡಿಕೊಂಡು ರೀಸೇಲ್‌ಗೆ ಇಳಿಯಬೇಡಿ.

ರೀಸೇಲ್‌ನಲ್ಲಿ ಕಳಕೊಳ್ಳೋದು ಏನೂ ಇಲ್ಲ ಅಂತ ನಾನು ಹೇಳಲ್ಲ. ವಿಂಡಮ್ ಅನ್ನೋ ಟೈಮ್‌ಶೇರ್ ಕಂಪನಿಯಲ್ಲಿ ರೀಸೇಲ್ ಪಾಯಿಂಟ್‌ಗಳು ವಿಐಪಿ ದರ್ಜೆಗೆ ಲೆಕ್ಕಕ್ಕಿಲ್ಲ. ಡಿಸ್ನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್‌ನಲ್ಲಿ 2019ರ ಜನವರಿ 19ರಿಂದ ಈಚೆಗೆ ಹಳೆಯ ರೆಸಾರ್ಟ್‌ಗಳ ಪಾಯಿಂಟ್ ರೀಸೇಲ್‌ನಲ್ಲಿ ಕೊಂಡವರು ಆ ಪಾಯಿಂಟ್‌ನಲ್ಲಿ ರಿವಿಯೇರಾ ರೆಸಾರ್ಟ್ ಬುಕ್ ಮಾಡೋಕಾಗಲ್ಲ. ರಿವಿಯೇರಾವನ್ನೇ ರೀಸೇಲ್‌ನಲ್ಲಿ ಕೊಂಡರೆ ಅಲ್ಲಿ ಮಾತ್ರ ಉಳಿಯಬಹುದು. ಡಿಸ್ನಿಯದ್ದು ಶಾಶ್ವತ ಡೀಡೂ ಅಲ್ಲ, ಅವರ ಬೋರ್ಡ್‌ವಾಕ್, ಬೀಚ್ ಕ್ಲಬ್ ರೆಸಾರ್ಟ್‌ಗಳ ಹಕ್ಕು 2042ರ ಜನವರಿಗೆ ಮುಗಿಯುತ್ತೆ, ಆದ್ದರಿಂದ ಉಳಿದ ವರ್ಷ ಎಣಿಸಿ ಬೆಲೆ ಕಟ್ಟಬೇಕು. (ನಾನು ಬೈತಿರೋದು ಈ ಎರಡರ ಯಾವುದನ್ನೂ ಅಲ್ಲ.) ಡಿಸ್ನಿಯ ಪಾಯಿಂಟ್‌ಗಳಿಗೆ ರೀಸೇಲ್‌ನಲ್ಲೂ ಒಳ್ಳೆ ಬೆಲೆ ಉಳಿದಿದೆ, ಮಿಕ್ಕ ಬಹುತೇಕ ಕಡೆ ಸಹಿಯ ಮರುದಿನವೇ ಬೆಲೆ ನೆಲಕ್ಕೆ ಬಿದ್ದಿರುತ್ತೆ, ಯಾಕಂದ್ರೆ ನೀವು ಕೊಟ್ಟದ್ದರಲ್ಲಿ ದೊಡ್ಡ ಪಾಲು ಆ ತಿಂಡಿ, ಟಿಕೆಟ್ಟು, ಕಮಿಷನ್‌ಗೆ ಹೋಗಿರುತ್ತೆ.

ಕೊಳ್ಳಲೇಬೇಕಾ ಅನ್ನೋದೂ ಒಂದು ಪ್ರಶ್ನೆ. 900ಕ್ಕೆ ಕೊಂಡರೂ ಮೇಂಟೆನೆನ್ಸ್ ಬಿಡಲ್ಲ. ಮಾಲೀಕರೇ ತಮ್ಮ ವಾರವನ್ನು ಬಾಡಿಗೆಗೆ ಕೊಡ್ತಾರೆ, ಎಷ್ಟೋ ಸಲ ಮೇಂಟೆನೆನ್ಸ್‌ನಷ್ಟೇ ಬೆಲೆಗೆ. ಅಪ್ಪ ಅಮ್ಮ ಬಂದ ವರ್ಷ ಒಂದು ವಾರ ಬಾಡಿಗೆಗೆ ತಗೊಳ್ಳಿ, ಅಡುಗೆಮನೆ ಇರುತ್ತೆ, ಅನ್ನ ಸಾರು ಮಾಡಿಕೊಳ್ಳಬಹುದು, ಮರುವರ್ಷ ಯಾರ ಹಂಗೂ ಇಲ್ಲ.

ಬೇರೆ ಕಡೆ ಹೋಗುವವರಿಗೆ: ರದ್ದತಿಗೆ ಲಾಸ್ ವೇಗಸ್ ಇರುವ ನೆವಾಡಾದಲ್ಲಿ 5 ದಿನ, ಕ್ಯಾಲಿಫೋರ್ನಿಯಾ, ಹವಾಯಿಯಲ್ಲಿ 7 ದಿನ, ಮೆಕ್ಸಿಕೋದ ಕಾನ್‌ಕುನ್‌ನಂಥ ಕಡೆ 5 ಕೆಲಸದ ದಿನ. ಫ್ಲೋರಿಡಾದಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟೆ ಅಂತ ಅವರು ಏನೇ ಬರೆಸಿಕೊಂಡರೂ ಅದು ಊರ್ಜಿತವಲ್ಲ, ಒಪ್ಪಂದದಲ್ಲೇ ಹಾಗೆ ಮುದ್ರಿಸಬೇಕು ಅಂತ ಕಾನೂನಿದೆ. ಸಹಿಯ ಜಾಗದ ಸ್ವಲ್ಪ ಮೇಲೆ ಹುಡುಕಿ.

ಈಗಾಗಲೇ ಮಾಲೀಕರಾಗಿರುವವರಿಗೆ ಒಂದು ಕಾಲ್ ಬಂದೇ ಬರುತ್ತೆ: "ನಿಮ್ಮ ಟೈಮ್‌ಶೇರ್‌ಗೆ ಗಿರಾಕಿ ಸಿದ್ಧ ಇದ್ದಾರೆ, 30,000 ಕೊಡ್ತಾರೆ, ತೆರಿಗೆ ಅಂತ ಮೊದಲು 1,995 ಕಟ್ಟಿ." ಕಟ್ಟಬೇಡಿ. 900ಕ್ಕೆ ಸಿಗೋದಕ್ಕೆ 30,000 ಕೊಡುವ ಗಿರಾಕಿ ಎಲ್ಲೂ ಇಲ್ಲ. ಹೀಗೆ ಟೈಮ್‌ಶೇರ್ ಮಾಲೀಕರನ್ನು ದೋಚುತ್ತಿದ್ದ, ಮೆಕ್ಸಿಕೋದ ಹಲಿಸ್ಕೋ ಕಾರ್ಟೆಲ್ ಅನ್ನೋ ಮಾದಕವಸ್ತು ಗ್ಯಾಂಗಿಗೆ ಸೇರಿದ, ಪುಯೆರ್ಟೋ ವಯಾರ್ಟಾ ಊರಿನ ಜಾಲದ ಮೇಲೆ ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ನಿರ್ಬಂಧ ಹಾಕಿದೆ. ಒಮ್ಮೆ ಕಟ್ಟಿದರೆ ಮುಗಿಯಲ್ಲ, ಮತ್ತೊಂದು ಶುಲ್ಕ, ಮತ್ತೊಂದು ದಂಡ, ಕೊನೆಗೆ ಸರ್ಕಾರಿ ಅಧಿಕಾರಿ ಅಂತ ಹೇಳಿಕೊಂಡು "ಕಳೆದ ದುಡ್ಡು ವಾಪಸ್ ಕೊಡಿಸ್ತೀವಿ, ಶುಲ್ಕ ಕಟ್ಟಿ" ಅಂತ ಇನ್ನೊಬ್ಬ. ಟೈಮ್‌ಶೇರ್ ಬಿಡಿಸಿಕೊಡ್ತೀವಿ ಅಂತ ಸಾವಿರಾರು ಡಾಲರ್ ಮುಂಗಡ ಕೇಳುವ ಕಂಪನಿಗಳಿಗೂ ಕೊಡಬೇಡಿ. ಸಾಲ ತೀರಿದ್ದರೆ ಮೊದಲು ರೆಸಾರ್ಟಿಗೇ ಬರೆದು ಡೀಡ್ ವಾಪಸ್ ತಗೊಳ್ತೀರಾ ಅಂತ ಕೇಳಿ, ಕೆಲವರು ಸುಮ್ಮನೆ ತಗೊಳ್ತಾರೆ. ಒರ್ಲಾಂಡೋದಲ್ಲಿ ಕೊಂಡವರು ದೂರು ಕೊಡಬೇಕಾದ್ದು ಫ್ಲೋರಿಡಾ ಅಟಾರ್ನಿ ಜನರಲ್ ಕಚೇರಿಗೆ ಮತ್ತು ರಾಜ್ಯದ ಟೈಮ್‌ಶೇರ್ ವಿಭಾಗಕ್ಕೆ. ದೂರಿನ ಜೊತೆ ಇನಿಶಿಯಲ್ ಇರುವ ಆ ಪುಟವನ್ನೂ ಲಗತ್ತಿಸಿ, ಹೇಗಿದ್ದರೂ ಕಂಪನಿ ಮೊದಲು ಕಳಿಸೋದು ಅದನ್ನೇ.