ಜಿಂಪ್: ಆಟದ ಕರಪತ್ರಕ್ಕೆ ಧಾರಾಳ ಸಾಕು, ಆದರೆ ಅದರ ಮೌನ ಅರ್ಥವಾಗಬೇಕು

ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್ ಬಗ್ಗೆ ಮಾತು ಬಂದಾಗಲೆಲ್ಲ ‘ಫೋಟೋಶಾಪ್‌ನಷ್ಟು ಆಗುತ್ತದಾ?’ ಎಂದೇ ಶುರು. ನನಗೆ ಆ ಲೆಕ್ಕ ಬೇಡ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಆಟದ (ಯಕ್ಷಗಾನದ) ಕರಪತ್ರ, ಜಾತ್ರೆಯ ಆಮಂತ್ರಣ, ಸಂಘದ ವಾರ್ಷಿಕೋತ್ಸವಕ್ಕೆ ವಾಟ್ಸಾಪಿನಲ್ಲಿ ಹಾಕುವ ಪೋಸ್ಟರ್, ಇಷ್ಟೇ ನನ್ನ ಕೆಲಸ. ಅದೂ ತೋಟದ ಕೆಲಸದ ನಡುವೆ ಬಿಡುವಾದಾಗ. ಜಿಂಪ್‌ನ 2.8 ಆವೃತ್ತಿಯ ಕಾಲದಿಂದ ಬಳಸುತ್ತಾ ಬಂದಿದ್ದೇನೆ, ಈಗ 3.0ರಲ್ಲಿದ್ದೇನೆ. ಹೊಸದಾಗಿ ಕಲಿಯುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಟೂಲ್‌ಗಳು ಕಷ್ಟವಲ್ಲ. ಎಡಗಡೆಯ ಪೆಟ್ಟಿಗೆಯಲ್ಲಿ ಅಷ್ಟೊಂದು ಚಿತ್ರ ಕಂಡು ಹೆದರಬೇಡಿ. ಒಂದರ ಹಿಂದೆ ಒಂದು ಅಡಗಿರುವ ಟೂಲ್‌ಗಳು ಬೇರೆ ಇವೆ, ಒತ್ತಿ ಹಿಡಿದರೆ ಹೊರಗೆ ಬರುತ್ತವೆ. ಆದರೆ ಸೆಲೆಕ್ಷನ್, ಮೂವ್, ಕ್ರಾಪ್, ಸ್ಕೇಲ್, ಬ್ರಷ್, ಕ್ಲೋನ್, ಟೆಕ್ಸ್ಟ್ ಇಷ್ಟರಲ್ಲಿ ನನ್ನ ಬಹುಪಾಲು ಕೆಲಸ ಮುಗಿಯುತ್ತದೆ. ಕಷ್ಟ ಇರುವುದು ಜಿಂಪ್‌ನ ಮೌನದಲ್ಲಿ. ನೀವು ಬ್ರಷ್ ಎಳೆಯುತ್ತೀರಿ, ಬಣ್ಣ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ ಎಂದು ಅದು ಹೇಳುವುದೂ ಇಲ್ಲ. ಕೆಲವು ಸಲ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಮಿಂಚಿ ಹೋಗುತ್ತದೆ, ಬಹಳ ಸಲ ಅದೂ ಇಲ್ಲ. ಕಲಿಯಲು ಕೂತವರು ಅರ್ಧಕ್ಕೇ ಎದ್ದು ಹೋಗುವುದು ಇಲ್ಲಿಯೇ.

ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಹಿಂದೆ ಮಾಡಿದ ಸೆಲೆಕ್ಷನ್ ಎಲ್ಲೋ ಮೂಲೆಯಲ್ಲಿ ಹಾಗೆಯೇ ಉಳಿದಿರುತ್ತದೆ, ಅದರ ಹೊರಗೆ ಎಷ್ಟು ಉಜ್ಜಿದರೂ ಏನೂ ಆಗದು. ಇಲ್ಲವೇ ಬಲಗಡೆ ಬೇರೆ ಲೇಯರ್ (ಒಂದರ ಮೇಲೊಂದು ಇಟ್ಟ ಹಾಳೆಯಂಥ ಪದರ) ಆರಿಸಿರುತ್ತದೆ, ನೀವು ಬಳಿದ ಬಣ್ಣ ಮೇಲಿನ ಚಿತ್ರದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅದೂ ಅಲ್ಲದಿದ್ದರೆ ಲೇಯರಿನ ಗಡಿ. ಜಿಂಪ್‌ನಲ್ಲಿ ಪ್ರತಿ ಲೇಯರಿಗೂ ಅದರದ್ದೇ ಅಳತೆ, ಹಳದಿ ಚುಕ್ಕೆ ಗೆರೆಯ ಆಚೆ ಬ್ರಷ್ ಓಡುವುದಿಲ್ಲ. 3.0ರಲ್ಲಿ ಬಳಿದ ಹಾಗೆ ಲೇಯರ್ ತಾನೇ ಹಿಗ್ಗುವ ಆಯ್ಕೆ ಕೊಟ್ಟಿದ್ದಾರೆ, ಟೂಲ್ ಆಪ್ಷನ್ಸ್‌ನಲ್ಲಿ ಹುಡುಕಿ. ಆರಿಸಿದ್ದನ್ನು ಬಿಡಿಸಲು ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿ. ಇದನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ಅನುಕೂಲ ಉಂಟು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. ಮೊದಲು ಐಟಿ ಅಟ್ ಸ್ಕೂಲ್ ಎಂದಿದ್ದು 2017ರಲ್ಲಿ ಕೈಟ್ ಆದ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಜಿಂಪ್ ಬರುತ್ತದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕವೂ ಕನ್ನಡದಲ್ಲೇ. ಹಾಗಾಗಿ ಯೂಟ್ಯೂಬಿನಲ್ಲಿ ಹುಡುಕುವ ಮೊದಲು ಮನೆಯ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ. ತಂಗಿಯ ಮಗಳು ನನ್ನ ಹಿಂದೆ ನಿಂತು ಹೇಳಿದ್ದು, “ಮಾವಾ, ಎಂತದೂ ಆಗದಿದ್ರೆ ಮೊದಲು ಲೇಯರ್ ನೋಡ್ಲಿಕ್ಕೆ ಟೀಚರ್ ಹೇಳಿದ್ದಾರೆ.” ಇಡೀ ತಂತ್ರಾಂಶಕ್ಕೆ ಇದಕ್ಕಿಂತ ಒಳ್ಳೆಯ ಕೈಪಿಡಿ ನಾನು ಓದಿಲ್ಲ.

ಇನ್ನು ನಿಜವಾದ ಕೆಲಸಕ್ಕೆ ಬರುವ. ಕರಪತ್ರಕ್ಕೆ ಬಣ್ಣದ ವೇಷದ (ಯಕ್ಷಗಾನದ ರಾಕ್ಷಸ ಪಾತ್ರದ) ಫೋಟೋ ಬೇಕು. ಸಿಗುವುದು ಯಾರೋ ಮೊಬೈಲಿನಲ್ಲಿ ರಾತ್ರಿ ತೆಗೆದದ್ದು. ಹಿಂದೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಮೈಕಿನ ವಯರು, ಕಿರೀಟದ ತುದಿ ಕತ್ತಲೆಯಲ್ಲಿ ಸೇರಿಹೋಗಿರುತ್ತದೆ. ಒಂದೇ ಥರದ ಬಣ್ಣವನ್ನು ಆರಿಸುವ ಫಜಿ ಸೆಲೆಕ್ಟ್‌ನಿಂದ ಹಿನ್ನೆಲೆಯ ಮೇಲೆ ಕ್ಲಿಕ್ ಮಾಡಿ, ಒತ್ತಿದ ಬೆರಳು ಬಿಡದೆ ಮೌಸ್ ಎಳೆದರೆ ಥ್ರೆಶೋಲ್ಡ್ ಏರುತ್ತಾ ಆಯ್ಕೆ ಹರಡುತ್ತದೆ. ಸರಳ ಹಿನ್ನೆಲೆಗೆ ಇದು ಸಾಕು. ಬಣ್ಣದ ವೇಷಕ್ಕೆ ಆಗುವುದಿಲ್ಲ, ಕಿರೀಟದ ಕಪ್ಪೂ ಹಿಂದಿನ ಕಪ್ಪೂ ಜಿಂಪ್‌ಗೆ ಒಂದೇ. ಅಲ್ಲಿಗೆ ಪಾತ್ ಟೂಲ್. ಕಿರೀಟದ ಅಂಚಿನುದ್ದಕ್ಕೆ ಬಿಂದು ಇಡುತ್ತಾ, ತಿರುವಿನಲ್ಲಿ ಎಳೆದು ಬಗ್ಗಿಸುತ್ತಾ ಸುತ್ತು ಬರಬೇಕು. ಸುತ್ತು ಮುಗಿಸಿ ಎಂಟರ್ ಒತ್ತಿದರೆ ಅದೇ ಸೆಲೆಕ್ಷನ್. ಒಂದು ಪಿಕ್ಸೆಲ್ ಕುಗ್ಗಿಸಿ, ಅಂಚನ್ನು ಚೂರು ಫೆದರ್ ಮಾಡಿದರೆ (ಮೆದುಗೊಳಿಸಿದರೆ) ಕತ್ತರಿಸಿ ಅಂಟಿಸಿದ ಹಾಗೆ ಕಾಣುವುದಿಲ್ಲ.

ಅಲ್ಲಿಂದ ಮುಂದೆ ಎರೇಸರ್ ಮುಟ್ಟಬೇಡಿ. ಜೆಪೆಗ್ ಚಿತ್ರಕ್ಕೆ ಆಲ್ಫಾ ಚಾನೆಲ್ (ಪಾರದರ್ಶಕತೆಯ ಮಾಹಿತಿ) ಇರುವುದಿಲ್ಲ, ಅಳಿಸಿದ ಜಾಗದಲ್ಲಿ ಪಾರದರ್ಶಕದ ಬದಲು ಹಿನ್ನೆಲೆ ಬಣ್ಣ ಬಂದು ಕೂರುತ್ತದೆ. ಲೇಯರ್ ಮಾಸ್ಕ್ ಹಾಕಿ, ಅದಕ್ಕೆ ಸೆಲೆಕ್ಷನ್ ಕೊಡಿ. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ. ಎಕ್ಸ್ ಕೀಲಿ ಒತ್ತಿದರೆ ಕಪ್ಪು ಬಿಳಿ ಅದಲುಬದಲು. ಕತ್ತರಿಸಿ ಹೋದ ಕಿರೀಟದ ತುದಿಯನ್ನು ವಾರ ಕಳೆದು ಬೇಕಾದರೂ ವಾಪಸು ತರಬಹುದು. ಜಿಂಪ್‌ನಲ್ಲಿ ಒಂದೇ ವಿಷಯ ಕಲಿಯಲು ಸಮಯ ಇರುವುದಾದರೆ ಮಾಸ್ಕ್ ಕಲಿಯಿರಿ.

ಮೈಕಿನ ವಯರು ತೆಗೆಯಲು ಕ್ಲೋನ್. ಕಂಟ್ರೋಲ್ ಒತ್ತಿಕೊಂಡು ಒಳ್ಳೆಯ ಜಾಗದ ಮೇಲೆ ಕ್ಲಿಕ್ ಮಾಡಿ, ಮತ್ತೆ ವಯರಿನ ಮೇಲೆ ಬಳಿಯುವುದು. ಪಕ್ಕದಲ್ಲೇ ಹೀಲ್ ಎಂಬ ಟೂಲ್ ಇದೆ. ಮೊಡವೆಗೆ, ಹಳೆಯ ಫೋಟೋದ ಕಲೆಗೆ ಅದು ಚಂದ. ವೇಷದ ಮುಖದ ಹತ್ತಿರ ಮಾತ್ರ ಅದನ್ನು ತರಬೇಡಿ. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಮುಖಕ್ಕೆ ಇಟ್ಟ ಚಿಟ್ಟಿಯನ್ನು (ಬಿಳಿ ಚುಕ್ಕೆಸಾಲನ್ನು) ಅದು ಕ್ಷಣದಲ್ಲಿ ನುಣ್ಣಗೆ ಸವರಿಹಾಕುತ್ತದೆ. (ಮೊಬೈಲಿನ ಬ್ಯೂಟಿ ಆ್ಯಪ್‌ಗಳು ಮಾಡುವುದೂ ಇದನ್ನೇ. ಅಂಥ ಫೋಟೋ ಕಳಿಸುವ ಅಭಿಮಾನಿಗಳಿಗೆ ಕೈಮುಗಿದು ಹೇಳುತ್ತೇನೆ, ಫಿಲ್ಟರ್ ತೆಗೆದು ಕಳಿಸಿ ಮಾರಾಯ್ರೆ.)

ರಂಗದ ಕೆಂಪು ಬೆಳಕಿಗೆ ಲೆವೆಲ್ಸ್ ತೆರೆದು ಕೆಂಪು ಚಾನೆಲನ್ನು ಮಾತ್ರ ಇಳಿಸಿದರೆ ಮುಖ ಸ್ವಲ್ಪ ಹದಕ್ಕೆ ಬರುತ್ತದೆ. ಫೋಟೋದಲ್ಲೇ ಕೆಂಪು ತುಂಬಿ ಹೋಗಿದ್ದರೆ ಯಾವ ಟೂಲಿನಿಂದಲೂ ವಿವರ ಹುಟ್ಟುವುದಿಲ್ಲ, ಬೇರೆ ಫೋಟೋ ಕೇಳುವುದೇ ದಾರಿ. 2025ರ ಮಾರ್ಚಿನಲ್ಲಿ ಬಂದ 3.0ರಿಂದ ಇಂಥ ತಿದ್ದುಪಡಿಗಳು ಲೇಯರಿಗೆ ಅಂಟಿಕೊಂಡೇ ಇರುತ್ತವೆ, ಎಫ್‌ಎಕ್ಸ್ ಗುರುತು ಒತ್ತಿ ಯಾವಾಗ ಬೇಕಾದರೂ ಬದಲಿಸಬಹುದು. ಸಮಿತಿಯವರು ರಾತ್ರಿ ಫೋನ್ ಮಾಡಿ ‘ಸ್ವಲ್ಪ ಬ್ರೈಟ್ ಮಾಡುವಾ’ ಅನ್ನುವ ನಮ್ಮ ಊರಿಗೆ ಇದು ಬರಬೇಕಾಗಿದ್ದ ಸೌಲಭ್ಯವೇ. ಫಾಯಿಲ್ ಅನ್ನು ಹಳೆಯ ಜಿಂಪ್ ಇರುವವರಿಗೆ ಕೊಡುವುದಾದರೆ ಮಾತ್ರ ಜಾಗ್ರತೆ, ಆ ಫಿಲ್ಟರ್‌ಗಳು ಅಲ್ಲಿ ನಡೆಯುವುದಿಲ್ಲ. ನನ್ನ 2.8ರ ಕಾಲದ ಎಕ್ಸ್‌ಸಿಎಫ್ (ಜಿಂಪ್‌ನ ಸ್ವಂತ ಮಾದರಿಯ) ಫಾಯಿಲುಗಳು 3.0ರಲ್ಲಿ ತಕರಾರಿಲ್ಲದೆ ತೆರೆದುಕೊಳ್ಳುತ್ತವೆ.

ಅಕ್ಷರದ ವಿಷಯದಲ್ಲಿ ನನಗೆ ಪೂರ್ತಿ ತೃಪ್ತಿ. ಇಲ್ಲಿನ ಕರಪತ್ರದಲ್ಲಿ ಕನ್ನಡದ ಕೆಳಗೆ ಮಲಯಾಳ ಬಂದೇ ಬರುತ್ತದೆ. ಯೂನಿಕೋಡ್ ಫಾಂಟ್ ಆದರೆ ಎರಡರ ಒತ್ತಕ್ಷರವೂ ಸರಿಯಾಗಿ ಕೂರುತ್ತದೆ, ಯಾವ ಸೆಟ್ಟಿಂಗೂ ಬೇಡ. ಶೀರ್ಷಿಕೆಗೆ ಬಲೂ ತಮ್ಮ, ವಿವರಕ್ಕೆ ನೋಟೋ ಸೆರಿಫ್ ಕನ್ನಡ, ಮಲಯಾಳಕ್ಕೆ ಮಂಜರಿ ಅಥವಾ ರಚನಾ ಹಾಕುತ್ತೇನೆ, ಎಲ್ಲವೂ ಉಚಿತ. ಅಕ್ಷರಕ್ಕೆ ಹೊರಗೆರೆ ಕೊಡುವುದು 3.0ರಲ್ಲಿ ಟೆಕ್ಸ್ಟ್ ಟೂಲಿನಲ್ಲೇ ಬಂದಿದೆ, ಮುಂಚೆ ಅದಕ್ಕೆ ದೊಡ್ಡ ಸರ್ಕಸ್ಸು. ಡಿಟಿಪಿಯವರು ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ್ದು) ಹೊಡೆದ ಮ್ಯಾಟರ್ ಕೊಟ್ಟರೆ ಇಲ್ಲಿ ಅಂಟಿಸಿದಾಗ ಬರೇ ಚಿತ್ರವಿಚಿತ್ರ ಗುರುತು, ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಲೇಬೇಕು.

ನಿಜವಾದ ತಲೆನೋವು ಪ್ರೆಸ್ಸಿನಲ್ಲಿ. ಜಿಂಪ್ ಕೆಲಸ ಮಾಡುವುದು ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ), ಅಚ್ಚಾಗುವುದು ಸಿಎಂವೈಕೆಯಲ್ಲಿ (ನಾಲ್ಕು ಬಣ್ಣದ ಶಾಯಿಯ ಲೆಕ್ಕ). ಪರದೆಯ ಮೇಲೆ ಧಗಧಗ ಉರಿಯುವ ವೇಷದ ಕೆಂಪು ಕಾಗದದ ಮೇಲೆ ಮುರಕಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸಾಫ್ಟ್ ಪ್ರೂಫ್ ಹಾಕಿ ಮೊದಲೇ ನೋಡಿಕೊಳ್ಳಬಹುದು, ಜೆಪೆಗ್ ಮತ್ತು ಟಿಫ್ ಅನ್ನು 3.0ರಲ್ಲಿ ಸಿಎಂವೈಕೆಗೆ ಎಕ್ಸ್‌ಪೋರ್ಟ್ ಮಾಡಲೂ ಬರುತ್ತದೆ. ಆದರೆ ಮೊದಲಿನಿಂದ ಕೊನೆವರೆಗೆ ಸಿಎಂವೈಕೆಯಲ್ಲೇ ಕೆಲಸ ಮಾಡುವ ಸುಖ ಇಲ್ಲಿಲ್ಲ. ಪೇಟೆಯ ಪ್ರೆಸ್ಸಿನವರಂತೂ ಮೊದಲು ಕೇಳುವುದೇ ಕೋರಲ್‌ಡ್ರಾ ಎಂಬ ಬೇರೆ ತಂತ್ರಾಂಶದ ಫಾಯಿಲ್, ‘ಕೋರಲ್ ಫಾಯಿಲ್ ಉಂಟಾ?’ ಎಂದು. ನಾನು 300 ಪಿಪಿಐಯ (ಇಂಚಿಗೆ 300 ಪಿಕ್ಸೆಲ್) ಟಿಫ್ ಕೊಟ್ಟು, ಒಂದು ಪ್ರತಿ ತೆಗೆದು ತೋರಿಸಿದ ಮೇಲೆಯೇ ಉಳಿದದ್ದು ಹೊಡೆಯಿರಿ ಎನ್ನುತ್ತೇನೆ. ಹೊಸ ಚಿತ್ರ ಶುರುಮಾಡುವಾಗಲೇ ಅಳತೆ, ಪಿಪಿಐ ಸರಿಯಾಗಿ ಹಾಕಿಕೊಳ್ಳಿ. ಸಣ್ಣದಾಗಿ ಮಾಡಿ ಆಮೇಲೆ ಹಿಗ್ಗಿಸಿದರೆ ಹರಿದ ಅಂಚೇ ಗತಿ.

ಕಿರಿಕಿರಿಗಳು ಇನ್ನೂ ಉಂಟು. 3.0ರಲ್ಲೂ ಒಂದು ವೃತ್ತ ಬರೆಯಲು ಎಲಿಪ್ಸ್ ಸೆಲೆಕ್ಟ್ ಮಾಡಿ ಅದರ ಅಂಚಿಗೆ ಸ್ಟ್ರೋಕ್ (ಗೆರೆ) ಕೊಡಬೇಕು. ಸೇವ್ ಅಂದರೆ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್‌ಗೇ ಹೋಗಬೇಕು. 2012ರ 2.8ರಿಂದ ಹೀಗೆ. ಇದಕ್ಕೆ ಬೈಯುವವರು ಬಹಳ, ನಾನು ಆ ಪಕ್ಷದವನಲ್ಲ. ಲೇಯರ್ ಇರುವ ಮೂಲ ಫಾಯಿಲ್ ಉಳಿದದ್ದರಿಂದಲೇ ಮುಂದಿನ ವರ್ಷದ ಆಟಕ್ಕೆ ದಿನಾಂಕ, ಪ್ರಸಂಗದ ಹೆಸರು ಬದಲಿಸಿದರೆ ಕರಪತ್ರ ತಯಾರು.

ಮದುವೆ ಆಲ್ಬಂ ಮಾಡಿ ಹೊಟ್ಟೆ ಹೊರೆಯುವವರು, ಲ್ಯಾಬಿಗೆ ದಿನಾ ನೂರಾರು ಚಿತ್ರ ಕಳಿಸುವವರು ಇದಕ್ಕೆ ಬರುವುದು ಬೇಡ, ಅವರ ವೇಗಕ್ಕೆ ಇದು ಹೊಂದದು. ದೇವಸ್ಥಾನ, ಸಂಘ, ಶಾಲೆಯ ಕೆಲಸಕ್ಕೆ ತಿಂಗಳ ಬಾಡಿಗೆ ಕಟ್ಟಿ ಬೇರೆಯದನ್ನು ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಅಂಕ ಪ್ರೆಸ್ಸಿನ ಬಣ್ಣದ್ದು. ಇಳಿಸಿಕೊಳ್ಳುವಾಗ ಜಿಂಪ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ.