ಕಾರವಾರದ ಉಪ್ಪುಗಾಳಿಯಲ್ಲಿ ಐಬನೆಜ್ ಎಎಸ್73: ಹಲವು ವರ್ಷ ನುಡಿಸಿದ ಮೇಲೆ

ಭಾನುವಾರ ಚರ್ಚ್ ಕಾಯರ್, ಮದುವೆಗಳಲ್ಲಿ ಕೊಂಕಣಿ ಹಾಡು, ಜಾತ್ರೆ ಬಂದರೆ ಆರ್ಕೆಸ್ಟ್ರಾ, ಮನೆಯಲ್ಲಿ ಬ್ಲೂಸ್. ಕಾರವಾರದಲ್ಲಿ ಗಿಟಾರ್ ಹಿಡಿದವರು ಎಲ್ಲವನ್ನೂ ನುಡಿಸಬೇಕಾಗುತ್ತದೆ. ಒಂದೊಂದಕ್ಕೂ ಒಂದೊಂದು ಗಿಟಾರ್ ಕೊಳ್ಳಲು ಆಗುವುದಿಲ್ಲ ಅಲ್ವಾ? ನಾನು ಸೆಮಿ-ಹಾಲೋ, ಅಂದರೆ ಒಳಗೆ ಅರ್ಧ ಟೊಳ್ಳಾದ ಎಲೆಕ್ಟ್ರಿಕ್ ಗಿಟಾರ್ ಐಬನೆಜ್ ಎಎಸ್73 ಆರಿಸಿಕೊಂಡದ್ದು ಅದಕ್ಕೇ.

ಈ ಬಗೆಯ ಗಿಟಾರ್‌ಗೆ ಮೂಲ 1958ರ ಗಿಬ್ಸನ್ ಇಎಸ್-335. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕು. ಎಎಸ್73 ಅದೇ ಕಟ್ಟಿನದು, ಬೆಲೆ ಎಷ್ಟೋ ಕಡಿಮೆ. ಎರಡೂ ಪಕ್ಕ ಟೊಳ್ಳು, ನಡುವೆ ಉದ್ದಕ್ಕೂ ಗಟ್ಟಿ ಮರದ ತುಂಡು. ಆ ತುಂಡೇ ಮುಖ್ಯ. ಪೂರ್ತಿ ಟೊಳ್ಳಾದ ಗಿಟಾರ್ ಆದರೆ ಸ್ಟೇಜಿನಲ್ಲಿ ಆಂಪ್ (ಗಿಟಾರಿನ ದನಿ ಏರಿಸುವ ಸ್ಪೀಕರ್ ಪೆಟ್ಟಿಗೆ) ಜೋರು ಮಾಡಿದ ಕೂಡಲೇ ಫೀಡ್‌ಬ್ಯಾಕ್, ಅಂದರೆ ಊಳಿಡುವ ಸದ್ದು ಶುರು. ಇದರಲ್ಲಿ ಅದು ಕಡಿಮೆ. ಆಂಪಿಗೆ ಎದುರಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತರೆ ಆರ್ಕೆಸ್ಟ್ರಾ ಮುಗಿಯುವವರೆಗೂ ತೊಂದರೆಯಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದರ ನಾಬ್‌ಗಳು. ತಂತಿಯ ಕಂಪನ ಹಿಡಿಯುವ ಪಿಕಪ್ ಇದರಲ್ಲಿ ಎರಡು, ಪ್ರತಿ ಪಿಕಪ್‌ಗೂ ಬೇರೆ ವಾಲ್ಯೂಮ್, ಬೇರೆ ಟೋನ್. ನೆಕ್ ಪಿಕಪ್ (ಕುತ್ತಿಗೆ ಕಡೆಯದು) ಹಾಕಿ ಟೋನ್ ಇಳಿಸಿದರೆ ಜಾಝ್‌ಗೆ ಬೇಕಾದ ದುಂಡು ದನಿ ಬರುತ್ತದೆ. ಭಾವಗೀತೆಗೂ ಅದೇ ಒಪ್ಪುತ್ತದೆ, ಗಾಯಕರ ದನಿಯನ್ನು ಮುಚ್ಚುವುದಿಲ್ಲ. ಕಾಯರ್‌ನಲ್ಲಿ ಎರಡೂ ಪಿಕಪ್ ಒಟ್ಟಿಗೆ ಇಡುತ್ತೇನೆ, ಕಾರ್ಡ್‌ಗಳ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಹಳೆಯ ಸಿನಿಮಾ ಹಾಡಿನ ಲೀಡ್‌ಗೆ, ರಾಕ್‌ಗೆ ಬ್ರಿಡ್ಜ್ ಪಿಕಪ್, ಅಂದರೆ ತಂತಿ ಕೂರುವ ಬ್ರಿಡ್ಜಿನ ಪಕ್ಕದ್ದು. ಮೆಟಲ್ ಮಾತ್ರ ಬೇಡ. ದನಿಯನ್ನು ಒರಟು ಮಾಡುವ ಡಿಸ್ಟಾರ್ಶನ್ ಪೂರ್ತಿ ಏರಿಸಿದರೆ ಕೆಳಗಿನ ಸ್ವರಗಳು ಕಲಸಿಹೋಗುತ್ತವೆ. ಅದೇ ನಿಮ್ಮ ಮುಖ್ಯ ಸಂಗೀತವಾದರೆ ಸಾಲಿಡ್ ಬಾಡಿ (ಟೊಳ್ಳಿಲ್ಲದ ಗಟ್ಟಿ ಮರದ್ದು) ತೆಗೆದುಕೊಳ್ಳಿ.

ಮಳೆಗಾಲದಲ್ಲಿ ಇನ್ನೊಂದು ಉಪಕಾರ: ಕರೆಂಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ. ಆಂಪ್ ಇಲ್ಲದೆಯೂ ಕೋಣೆಯೊಳಗೆ ಸಾಕಷ್ಟು ಕೇಳುತ್ತದೆ.

ಆದರೆ ಕರಾವಳಿಯಲ್ಲಿ ಇದನ್ನು ಸುಮ್ನೆ ಗೋಡೆಗೆ ನೇತುಹಾಕಬೇಡಿ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಬ್ರಿಡ್ಜಿನ ಸ್ಕ್ರೂಗಳೂ ಅಷ್ಟೇ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಕೇಸಿನೊಳಗೆ ಇಡಬೇಕು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕೋಟಿಂಗ್ ಇರುವ ತಂತಿ ದುಬಾರಿ, ಆದರೂ ಇಲ್ಲಿನ ಹವೆಗೆ ಅದೇ ಲಾಭ. ಜೂನ್ ಬಂತೆಂದರೆ ಆ್ಯಕ್ಷನ್ (ಕುತ್ತಿಗೆಯಿಂದ ತಂತಿಯ ಎತ್ತರ) ಬದಲಾಗುತ್ತದೆ, ಕುತ್ತಿಗೆಯೊಳಗಿನ ಕಬ್ಬಿಣದ ಸರಳು ಟ್ರಸ್ ರಾಡನ್ನು ಒಂದಿಷ್ಟೇ ತಿರುಗಿಸಿ ಸರಿಮಾಡಿಕೊಳ್ಳಬೇಕು. ಒಳಗಿನ ವೈರಿಂಗ್ ರಿಪೇರಿ ಮಾತ್ರ ಕಷ್ಟ. ಹಿಂದೆ ಮುಚ್ಚಳವಿಲ್ಲ, ಎಫ್ ಆಕಾರದ ತೂತಿನಿಂದಲೇ ಎಲ್ಲವನ್ನೂ ಹೊರಗೆಳೆಯಬೇಕು. ಬಹಳಷ್ಟು ಸೆಮಿ-ಹಾಲೋಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ.

ಬೇರೆ ಬ್ರಾಂಡ್ ನೋಡುವವರಿಗೆ ಎರಡು ಮಾತು. ಸ್ಕ್ವಯರ್ ಸ್ಟಾರ್‌ಕಾಸ್ಟರ್‌ನ ಸ್ಕೇಲ್ (ತಂತಿ ನುಡಿಯುವ ಉದ್ದ) 25.5 ಇಂಚು, ತಂತಿ ಸ್ವಲ್ಪ ಬಿಗಿ. ಎಎಸ್73ರದ್ದು ಸುಮಾರು 24.75, ಬೆಂಡ್ ಮಾಡಲು, ಅಂದರೆ ತಂತಿ ಎಳೆದು ಸ್ವರ ಏರಿಸಲು ಹಗುರ. ಗ್ರೆಚ್ ಸ್ಟ್ರೀಮ್‌ಲೈನರ್ ಆದರೆ ನಂಬರ್ ನೋಡಿ ಕೊಳ್ಳಿ: ಜಿ2622ರಲ್ಲಿ ನಡುವೆ ಮರದ ತುಂಡಿದೆ, ಜಿ2420 ಪೂರ್ತಿ ಟೊಳ್ಳು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಟಾರ್ಚ್ ಹಿಡಿದು ತೂತಿನೊಳಗೆ ಇಣುಕಿ, ಪ್ರತಿ ನಾಬ್ ತಿರುಗಿಸಿ ಕರಕರ ಸದ್ದು ಬರುತ್ತದಾ ಕೇಳಿ, ಆಮೇಲೆ ದುಡ್ಡು ಕೊಡಿ.